ತಲೆ ಎತ್ತಿ ಹುಡುಕುವ ಅಣಬೆ: ಹೆರಿಸಿಯಂ ಗುರುತಿಸಿ, ಕೊಯ್ದು, ಅಡುಗೆ ಮಾಡುವ ಬಗೆ

ನಮ್ಮ ಕಡೆ ಅಣಬೆ ಅಂದರೆ ನೆಲ ನೋಡಬೇಕು. ಗುಡುಗು ಮಳೆ ಆದ ಮಾರನೇ ದಿನ ಹುತ್ತದ ಅಕ್ಕಪಕ್ಕ, ತೋಟದ ಅಂಚು, ಕೊಳೆತ ದರಗಿನ ಅಡಿ. ಅದೇ ಅಭ್ಯಾಸವನ್ನು ಪೆನ್ಸಿಲ್ವೇನಿಯಾದ ಕಾಡಿಗೂ ಹೊತ್ತುಕೊಂಡು ಬಂದೆ. ಎರಡು ವರ್ಷ ನೆಲ ನೋಡುತ್ತಾ ನಡೆದೆ, ಹೆರಿಸಿಯಂ ಒಂದೂ ಕಾಣಲಿಲ್ಲ. ಮೂರನೇ ವರ್ಷ ಒಂದು ಬೀಚ್ ಮರದ ಬುಡದಲ್ಲಿ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಕುಡಿಯಲು ಕತ್ತೆತ್ತಿದರೆ, ಎರಡಾಳು ಎತ್ತರದಲ್ಲಿ ಬಿಳಿ ಗಡ್ಡದಂಥದ್ದೊಂದು ನೇತಾಡುತ್ತಿತ್ತು. ಅದೇ ಹಾದಿಯಲ್ಲಿ ಎಷ್ಟು ಸಲ ಓಡಾಡಿದ್ದೆನೋ!

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಅಣಬೆಗೆ ತಲೆ ಎತ್ತಿ ನಡೆಯಬೇಕು. ಇದನ್ನು ಹೊಸಬರಿಗಾಗಿ ಬರೆಯುತ್ತಿದ್ದೇನೆ. ಅಮೆರಿಕದ ಪೂರ್ವ ಭಾಗದಲ್ಲಿರುವ ಕನ್ನಡದವರಿಗೆ ನೇರವಾಗಿ ಉಪಯೋಗವಾಗುತ್ತದೆ. ಉಳಿದವರಿಗೂ ಗುರುತಿಸುವ ಭಾಗ ಕೆಲಸಕ್ಕೆ ಬರುತ್ತದೆ.

ಹಂತ 1: ಏನನ್ನು ಹುಡುಕುತ್ತಿದ್ದೀರಿ ಅಂತ ಮೊದಲು ತಿಳಿದುಕೊಳ್ಳಿ

ಹೆರಿಸಿಯಂ ಒಂದು ಜಾತಿಯಲ್ಲ, ಒಂದು ಕುಲ, ಅಂದರೆ ಹತ್ತಿರದ ಸಂಬಂಧ ಇರುವ ಹಲವು ಜಾತಿಗಳ ಗುಂಪು. ಪರ್ಸೂನ್ ಎಂಬ ವಿಜ್ಞಾನಿ 1794ರಲ್ಲಿ ಇಟ್ಟ ಹೆಸರು. ಲ್ಯಾಟಿನ್‌ನಲ್ಲಿ ಹೆಜ್‌ಹಾಗ್ ಅನ್ನುವ ಪುಟ್ಟ ಮುಳ್ಳು ಪ್ರಾಣಿಗೆ ಇರುವ ಹೆಸರಿನಿಂದ ಬಂದದ್ದು. ಅಂಗಡಿಯಲ್ಲಿ 'ಲಯನ್ಸ್ ಮೇನ್' ಅಂತ ಮಾರುವುದು ಇದೇ ಕುಲದ ಹೆರಿಸಿಯಂ ಎರಿನೇಸಿಯಸ್. ತಮಾಷೆ ಅಂದರೆ ಎರಿನೇಸಿಯಸ್ ಅಂದರೂ ಹೆಜ್‌ಹಾಗೇ. ಚೀನಾದವರು ಇದಕ್ಕೆ ಮಂಗನ ತಲೆ ಅಂತಾರೆ. ಜಪಾನಿನಲ್ಲಿ ಯಮಾಬುಶಿತಾಕೆ: ಬೆಟ್ಟದಲ್ಲಿ ತಪಸ್ಸು ಮಾಡುವ ಯಮಾಬುಶಿ ಸಾಧುಗಳು ಎದೆಯ ಮೇಲೆ ಇಳಿಬಿಡುವ ಕುಚ್ಚಿನ ಹಾಗಿದೆ ಅಂತ ಆ ಹೆಸರು. ನನಗಂತೂ ಇದನ್ನು ನೋಡಿದಾಗ ನೆನಪಾಗುವುದು ಅಜ್ಜಿಮನೆಯ ಶಾವಿಗೆ ಒರಳು. ಒತ್ತಿದಾಗ ಬಿಲ್ಲೆಯ ತೂತುಗಳಿಂದ ಬಿಳಿ ಎಳೆಗಳು ಒಟ್ಟಿಗೆ ಇಳಿಯುತ್ತವಲ್ಲ, ಅದನ್ನು ಅರ್ಧಕ್ಕೇ ನಿಲ್ಲಿಸಿದ ಹಾಗೆ.

ಆ ಎಳೆಗಳನ್ನೇ ಹಲ್ಲು ಅನ್ನುವುದು. ಮಾಮೂಲಿ ಅಣಬೆಗೆ ಕೊಡೆ ಇರುತ್ತದೆ, ಕೊಡೆಯ ಅಡಿ ಪುಸ್ತಕದ ಹಾಳೆಗಳ ಹಾಗೆ ಪದರ ಇರುತ್ತದೆ, ಆ ಪದರದಲ್ಲಿ ಬೀಜಕಣ ಹುಟ್ಟುತ್ತವೆ. ಹೆರಿಸಿಯಂಗೆ ಕೊಡೆಯೂ ಇಲ್ಲ, ಪದರವೂ ಇಲ್ಲ. ಬೀಜಕಣ ಹುಟ್ಟುವುದು ಈ ಹಲ್ಲುಗಳ ಮೈಮೇಲೆ. ಕೆಳಗೆ ಉದುರಬೇಕಾದ್ದರಿಂದ ಹಲ್ಲುಗಳು ಯಾವಾಗಲೂ ನೆಲದ ಕಡೆಗೇ ಬೆಳೆಯುತ್ತವೆ. ಗುರುತಿಸಲು ಇದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ಒಮ್ಮೆ ಒಂದು ದಿಮ್ಮಿ ಉರುಳಿಕೊಂಡಿತ್ತು. ಅದರ ಮೇಲಿದ್ದ ಅಣಬೆಯ ಹಳೆಯ ಹಲ್ಲುಗಳು ಅಡ್ಡಕ್ಕೆ ಚಾಚಿದ್ದವು, ತುದಿ ಮಾತ್ರ ಬಾಗಿ ಮತ್ತೆ ಕೆಳಗೆ ತಿರುಗಿತ್ತು. ಉರುಳಿದ ಮೇಲೆ ಬೆಳೆದದ್ದು ಎಷ್ಟು ಅಂತ ಸ್ಕೇಲ್ ಇಟ್ಟು ಅಳೆಯಬಹುದಿತ್ತು.

ಹಂತ 2: ಕಾಲ ಮತ್ತು ಮರ

ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಡೆ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಸಿಗುತ್ತದೆ. ನನಗೆ ಜಾಸ್ತಿ ಸಿಕ್ಕಿದ್ದು ಅಕ್ಟೋಬರ್‌ನ ಮೊದಲ ಎರಡು ವಾರಗಳಲ್ಲಿ. ಒಳ್ಳೆ ಮಳೆ ಬಿದ್ದು, ರಾತ್ರಿ ತಣ್ಣಗಾಗಲು ಶುರುವಾಗಿ, ಒಂದು ವಾರ ಕಳೆದರೆ ಹೊರಡಬಹುದು.

ಹುಡುಕಬೇಕಾದ್ದು ಅಣಬೆಯನ್ನಲ್ಲ, ಮರವನ್ನು. ಬೀಚ್, ಓಕ್, ಮೇಪಲ್, ಈ ಮೂರು ಗುರುತು ಸಿಕ್ಕರೆ ಅರ್ಧ ಕೆಲಸ ಆದಂತೆ. ಬೀಚ್ ಗುರುತಿಸುವುದು ಸುಲಭ. ತೊಗಟೆ ನುಣುಪು, ಬೂದು ಬಣ್ಣ, ಆನೆ ಕಾಲಿನ ಹಾಗೆ. ಜನ ಹೃದಯ ಕೊರೆದು ಹೆಸರು ಕೆತ್ತಿರುವ ಮರ ಕಂಡರೆ ಅದು ಬಹುತೇಕ ಬೀಚೇ. ಮರ ವಯಸ್ಸಾದದ್ದಾಗಿರಬೇಕು, ಎಲ್ಲೋ ಗಾಯ ಆಗಿರಬೇಕು. ಕೊಂಬೆ ಮುರಿದ ಜಾಗ, ಸಿಡಿಲು ಸೀಳಿದ ಜಾಗ, ತೊಗಟೆ ಎದ್ದ ಜಾಗ. ಹೆರಿಸಿಯಂ ಮರದ ಒಳಗಿನ ಕಟ್ಟಿಗೆಯನ್ನು ತಿಂದು ಬೆಳ್ಳಗೆ ಮೆತ್ತಗೆ ಮಾಡುವ ಶಿಲೀಂಧ್ರ. ನಾವು ನೋಡುವ ಗಡ್ಡ ಹೊರಗೆ ಬರುವ ಹೊತ್ತಿಗೆ ಅದು ಒಳಗೆ ವರ್ಷಗಟ್ಟಲೆ ಮನೆ ಮಾಡಿರುತ್ತದೆ.

ಪೈನ್ ತೋಪಿನಲ್ಲಿ ಸಮಯ ಕಳೆಯಬೇಡಿ. ನೀವು ಪಶ್ಚಿಮ ಕರಾವಳಿಯ ವಾಷಿಂಗ್ಟನ್, ಆರೆಗಾನ್ ಕಡೆ ಇದ್ದರೆ ಮಾತು ಬೇರೆ. ಅಲ್ಲಿ ಹೆರಿಸಿಯಂ ಅಬೈಟಿಸ್ ಅನ್ನುವ ಜಾತಿ ಫರ್, ಹೆಮ್ಲಾಕ್‌ನಂಥ ಸೂಜಿ ಎಲೆ ಮರಗಳ ಮೇಲೇ ಬೆಳೆಯುತ್ತದೆ.

ಹಂತ 3: ಹೊರಡುವ ಮುಂಚೆ

ಒಂದು ಚಾಕು, ಎರಡು ಮೂರು ಕಾಗದದ ಚೀಲ, ಬೈನಾಕ್ಯುಲರ್ ಇದ್ದರೆ ಬೈನಾಕ್ಯುಲರ್. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಮನೆಗೆ ಬರುವಷ್ಟರಲ್ಲಿ ಲೋಳೆಯಾಗುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ನೋಡಲು ಚೆನ್ನಾಗಿರಲ್ಲ, ಆದರೆ ಈ ಕಡೆಯ ಉಣ್ಣಿಗಳಿಂದ ಲೈಮ್ ಕಾಯಿಲೆ ಬರುತ್ತದೆ. ಮನೆಗೆ ಬಂದ ತಕ್ಷಣ ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ. ಅಕ್ಟೋಬರ್ ಅಂದರೆ ಜಿಂಕೆ ಬೇಟೆಯ ಕಾಲವೂ ಹೌದು, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಇನ್ನೊಂದು, ಮರಕ್ಕೆ ಹಬ್ಬಿರುವ ಕೂದಲು ಕೂದಲಾದ ಬಳ್ಳಿ ಮುಟ್ಟಬೇಡಿ. ಅದು ಪಾಯ್ಸನ್ ಐವಿ. ಎಲೆ ಉದುರಿದ್ದರೂ ಮೈ ತುರಿಕೆ ತಪ್ಪದು.

ಕಾನೂನು ನೋಡಿಕೊಳ್ಳಿ. ಪೆನ್ಸಿಲ್ವೇನಿಯಾದ ಸ್ಟೇಟ್ ಪಾರ್ಕ್‌ಗಳಲ್ಲಿ ಮನೆ ಮಟ್ಟಿಗೆ ತಿನ್ನಲು ಅಣಬೆ ಕೀಳಬಹುದು, ಮಾರುವಂತಿಲ್ಲ. ಬೇರೆ ರಾಜ್ಯ, ಕೌಂಟಿ ಪಾರ್ಕ್, ನ್ಯಾಷನಲ್ ಪಾರ್ಕ್, ಎಲ್ಲಕ್ಕೂ ನಿಯಮ ಬೇರೆ ಬೇರೆ. ಬ್ರಿಟನ್‌ನಲ್ಲಿರುವವರು ಮಾತ್ರ ಗಮನಿಸಿ: ಅಲ್ಲಿ ಹೆರಿಸಿಯಂ ಎರಿನೇಸಿಯಸ್ ಅಪರೂಪ. 1981ರ ವನ್ಯಜೀವಿ ಕಾಯ್ದೆಯಲ್ಲಿ ಹೆಸರಿಟ್ಟು ಕಾಪಾಡಿರುವ ಬೆರಳೆಣಿಕೆಯ ಅಣಬೆಗಳಲ್ಲಿ ಇದೂ ಒಂದು. ಕಂಡರೆ ಫೋಟೋ ತೆಗೆದು ಬನ್ನಿ, ಕೀಳುವುದು ಅಪರಾಧ.

ಹಂತ 4: ಯಾವ ಜಾತಿ?

ನನಗೆ ಅತಿ ಇಷ್ಟದ ಭಾಗ ಇದು. ಪೂರ್ವ ಅಮೆರಿಕದಲ್ಲಿ ಸಿಗುವುದು ಮುಖ್ಯವಾಗಿ ಮೂರು ಜಾತಿ. ಎರಡೇ ಪ್ರಶ್ನೆ ಕೇಳಿ. ಕವಲು ಇದೆಯಾ? ಹಲ್ಲು ಉದ್ದವಾ, ಗಿಡ್ಡವಾ?

ಕವಲೇ ಇಲ್ಲ, ಒಂದೇ ಗಟ್ಟಿ ಉಂಡೆ, ಅದರಿಂದ ಉದ್ದುದ್ದ ಹಲ್ಲು ಇಳಿದಿದೆ ಅಂದರೆ ಅದು ಎರಿನೇಸಿಯಸ್. ಸಾಮಾನ್ಯವಾಗಿ ತೆಂಗಿನಕಾಯಿ ಗಾತ್ರ. ಹಲ್ಲು ಒಂದು ಸೆಂಟಿಮೀಟರ್‌ನಿಂದ ನಾಲ್ಕೈದು ಸೆಂಟಿಮೀಟರ್. ಇನ್ನೂ ಜೀವ ಇರುವ ಮರದ ಗಾಯದಲ್ಲಿ, ಅದರಲ್ಲೂ ಓಕ್ ಮತ್ತು ಬೀಚ್‌ನಲ್ಲಿ, ಎತ್ತರದಲ್ಲಿ ಕೂತಿರುವುದೇ ಹೆಚ್ಚು.

ಕವಲುಗಳು ತೆಳ್ಳಗೆ ಹರಡಿ, ಪ್ರತಿ ಕವಲಿನ ಉದ್ದಕ್ಕೂ ಬಾಚಣಿಗೆಯ ಹಾಗೆ ಗಿಡ್ಡ ಹಲ್ಲು ಸಾಲಾಗಿದ್ದರೆ ಅದು ಕೋರಲಾಯ್ಡಿಸ್. ಹಲ್ಲು ಒಂದು ಸೆಂಟಿಮೀಟರ್ ದಾಟುವುದು ಕಡಿಮೆ. ಬಿದ್ದ ದಿಮ್ಮಿಗಳ ಮೇಲೆ ಸಿಗುತ್ತದೆ. ಹಾಗಾಗಿ ನೆಲ ನೋಡುವ ನಮ್ಮ ಹಳೆಯ ಅಭ್ಯಾಸಕ್ಕೂ ಇಲ್ಲಿ ಸ್ವಲ್ಪ ಫಲ ಇದೆ. ಮೂರರಲ್ಲಿ ಚಂದದ್ದು ಇದೇ ಅಂತ ನನ್ನ ಅಭಿಪ್ರಾಯ. ದೇವರಿಗೆ ಬೀಸುವ ಚಾಮರವನ್ನು ಯಾರೋ ಕಾಡಲ್ಲಿ ಮರೆತು ಹೋದ ಹಾಗಿರುತ್ತದೆ. ಈ ಜಾತಿ ಯುರೋಪಿನಲ್ಲೂ ಇದೆ.

ಕವಲು ಇದೆ, ಆದರೆ ಕವಲಿನ ತುದಿಯಲ್ಲಿ ಉದ್ದ ಹಲ್ಲುಗಳು ಗೊಂಚಲಾಗಿ ನೇತಾಡುತ್ತಿವೆ ಅಂದರೆ ಅಮೆರಿಕಾನಂ. ಹೂಕೋಸನ್ನು ಬಿಡಿಸಿ, ಪ್ರತಿ ತುಂಡಿಗೂ ಒಂದು ಗಡ್ಡ ಅಂಟಿಸಿದ ಹಾಗೆ ಅಂದುಕೊಳ್ಳಿ.

ಇಲ್ಲೊಂದು ಗೊಂದಲ ಇದೆ, ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ಅಣಬೆ ಪುಸ್ತಕ ಕೊಂಡವರಿಗೆ ಅದು ಎದುರಾಗುತ್ತದೆ. ಮೊದಲೆಲ್ಲ ಇಲ್ಲಿಯವರು ಈಗಿನ ಅಮೆರಿಕಾನಂ ಅನ್ನೇ ಕೋರಲಾಯ್ಡಿಸ್ ಅಂತ ಕರೆಯುತ್ತಿದ್ದರು. ಈಗಿನ ಕೋರಲಾಯ್ಡಿಸ್‌ಗೆ ರಾಮೋಸಂ ಅನ್ನುವ ಹೆಸರಿತ್ತು. 1984ರಲ್ಲಿ ಗಿನ್ಸ್ ಎಂಬ ಶಿಲೀಂಧ್ರ ತಜ್ಞರು ಅಮೆರಿಕದ ಮತ್ತು ಯುರೋಪಿನ ಅಣಬೆಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಯಾವುದು ಯಾವುದರ ಜೊತೆ ಕೂಡುತ್ತದೆ ಅಂತ ನೋಡಿದರು. ಇಲ್ಲಿಯ ಉದ್ದ ಹಲ್ಲಿನದು ಯುರೋಪಿನ ಕೋರಲಾಯ್ಡಿಸ್ ಅಲ್ಲವೇ ಅಲ್ಲ ಅಂತ ಗೊತ್ತಾಗಿ, ಅದಕ್ಕೆ ಅಮೆರಿಕಾನಂ ಅಂತ ಹೊಸ ಹೆಸರು ಇಟ್ಟರು. ಹಾಗಾಗಿ ಪುಸ್ತಕ 1984ಕ್ಕಿಂತ ಹಳೆಯದಾದರೆ ಹೆಸರನ್ನು ನಂಬಬೇಡಿ, ಚಿತ್ರವನ್ನು ನಂಬಿ.

ಎಳೆಯವು ಸಿಕ್ಕರೆ ಮೂರೂ ಒಂದೇ ಥರ ಬಿಳಿ ಮುದ್ದೆಯಾಗಿರುತ್ತವೆ. ಹಲ್ಲು ಬರುವವರೆಗೆ ಯಾವ ಜಾತಿ ಅಂತ ಹೇಳಲು ಆಗದು. ಮೂರೂ ತಿನ್ನಲು ಬರುವಂಥವೇ, ಆದ್ದರಿಂದ ಜಾತಿ ತಪ್ಪಾದರೂ ಊಟಕ್ಕೆ ಕುತ್ತಿಲ್ಲ. ಆದರೆ ಬರೀ ಮುದ್ದೆ ಇದ್ದಾಗ ಅದು ಹೆರಿಸಿಯಮ್ಮೇ ಅಂತಲೂ ಖಾತ್ರಿಯಾಗಿ ಹೇಳಲು ಬರುವುದಿಲ್ಲ. ಬಿಟ್ಟು ಬನ್ನಿ, ನಾಲ್ಕು ದಿನ ಬಿಟ್ಟು ಹೋಗಿ.

ಭಾರತದಲ್ಲೂ ಈ ಕುಲದ ಒಂದು ಜಾತಿಗೆ ನಮ್ಮ ನೆಲದ ಹೆಸರಿದೆ. ಸಿಕ್ಕಿಂನ ಯುಮ್‌ಥಾಂಗ್ ಕಣಿವೆಯ ಹೆಸರಿನ ಹೆರಿಸಿಯಂ ಯುಮ್‌ಥಾಂಗೆನ್ಸೆ. 2013ರಲ್ಲಿ ಅದನ್ನು ಹೊಸ ಜಾತಿ ಅಂತ ವಿವರಿಸಿದರು.

ಹಂತ 5: ಇದು ಹೆರಿಸಿಯಮ್ಮೇನಾ?

ಕಾಡಿನ ಅಣಬೆಗಳಲ್ಲಿ ಹೊಸಬರಿಗೆ ಹೇಳಿಮಾಡಿಸಿದ್ದು ಇದು. ಕೊಡೆ ಇಲ್ಲದ, ಮರದ ಮೇಲೆ ಬೆಳೆಯುವ, ಬೆಳ್ಳಗಿನ, ಮೆತ್ತಗಿನ, ಹಲ್ಲು ಕೆಳಗೆ ಇಳಿಬಿಟ್ಟ ಅಣಬೆ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ. ಆದರೂ ಮೋಸ ಹೋಗಬಹುದು. ನಾನು ಹೋಗಿದ್ದೇನೆ.

ಒಂದು ಮೇಪಲ್ ಮರದ ಮೇಲೆ ಕೆನೆ ಬಣ್ಣದ ದೊಡ್ಡ ಗೊಂಚಲು ಕಂಡು ಹಿಗ್ಗಿ ಹೋದೆ. ಅಡಿಯಲ್ಲಿ ಹಲ್ಲೂ ಇದ್ದವು. ಕಿತ್ತು ತಂದು ಅಡುಗೆಮನೆಯಲ್ಲಿ ಕೊಯ್ಯಲು ಹೋದರೆ ಚಾಕು ಇಳಿಯಲಿಲ್ಲ, ಹವಾಯಿ ಚಪ್ಪಲಿ ಕೊಯ್ದ ಹಾಗೆ. ಅದು ಕ್ಲೈಮಕೊಡಾನ್, ಉತ್ತರದ ಹಲ್ಲಣಬೆ ಅನ್ನುತ್ತಾರೆ. ವ್ಯತ್ಯಾಸ ಇಷ್ಟೇ: ಅದು ಗೋಡೆಗೆ ಹೊಡೆದ ಹಲಗೆಗಳ ಹಾಗೆ ಒಂದರ ಮೇಲೊಂದು ತಟ್ಟೆ ತಟ್ಟೆಯಾಗಿ ಬೆಳೆಯುತ್ತದೆ. ಹಲ್ಲು ಪ್ರತಿ ತಟ್ಟೆಯ ಅಡಿಗೆ ಮಾತ್ರ. ಹೆರಿಸಿಯಂನಲ್ಲಿ ತಟ್ಟೆ ಇರುವುದಿಲ್ಲ.

ಇನ್ನು ಹವಳದ ಅಣಬೆಗಳು. ಕೊಳೆತ ದಿಮ್ಮಿಯ ಮೇಲೆ ಕವಲೊಡೆದು ನಿಂತಿರುತ್ತವೆ, ದೂರದಿಂದ ಕೋರಲಾಯ್ಡಿಸ್ ಅನ್ನಿಸುತ್ತದೆ. ಅವುಗಳ ತುದಿ ಆಕಾಶ ನೋಡುತ್ತದೆ. ಹೆರಿಸಿಯಂ ಹಲ್ಲು ನೆಲ ನೋಡುತ್ತದೆ. ದಿಮ್ಮಿಗೆ ಸುಣ್ಣ ಬಳಿದ ಹಾಗೆ ತೆಳ್ಳಗೆ ಅಂಟಿಕೊಂಡು, ಚಿಕ್ಕ ಚಿಕ್ಕ ಹಲ್ಲಿರುವ ಬಿಳಿ ಪದರವೂ ಕಾಣುತ್ತದೆ. ಅದನ್ನು ಎತ್ತಿದರೆ ಹಿಡಿಗೆ ಏನೂ ಸಿಗದು. ಅದೂ ನಮ್ಮದಲ್ಲ.

ನಮ್ಮಮ್ಮ ಫೋನಿನಲ್ಲಿ ಈಗಲೂ ಹೇಳುತ್ತಾಳೆ, "ಕಾಡಲ್ಲಿ ಸಿಕ್ಕಿದ ನಾಯಿಕೊಡೆ ಎಲ್ಲ ಬಾಯಿಗೆ ಹಾಕ್ಕೋಬೇಡ ಕಣೋ." ಸರಿಯಾದ ಮಾತು. ಮೊದಲ ಸಲ ಸಿಕ್ಕಿದ್ದನ್ನು ತಿಳಿದವರಿಗೆ ತೋರಿಸದೆ ತಿನ್ನಬೇಡಿ. ಈ ಕಡೆ ಹೆಚ್ಚಿನ ಊರುಗಳ ಸುತ್ತಮುತ್ತ ಅಣಬೆ ಕ್ಲಬ್‌ಗಳಿವೆ, ವಾರಾಂತ್ಯದಲ್ಲಿ ಒಟ್ಟಿಗೆ ಕಾಡಿಗೆ ಹೋಗುತ್ತಾರೆ. ಫೋನಿನ ಆ್ಯಪ್ ಹೇಳಿದ್ದನ್ನು ನಂಬಿ ಅಡುಗೆ ಮಾಡಬೇಡಿ.

ಹಂತ 6: ಕೊಯ್ಯುವುದು

ಬೆಳ್ಳಗಿದ್ದರೆ ಕೊಯ್ಯಿರಿ. ಹಲ್ಲಿನ ತುದಿ ಹಳದಿಯಾಗಲು ಶುರುವಾಗಿದ್ದರೆ ತಕ್ಷಣ ತಿನ್ನಬೇಕು. ಪೂರ್ತಿ ಹಳದಿಯೋ ಕಂದೋ ಆಗಿದ್ದರೆ ಮರಕ್ಕೇ ಬಿಡಿ, ಕಹಿ ಹುಳಿ ಬಂದಿರುತ್ತದೆ. ಹೆರಿಸಿಯಂ ಸಿಗಲು ಶುರುವಾದ ಹೊಸತರ ಆಸೆಗೆ ಅಂಥದ್ದೊಂದನ್ನು ತಂದು, ಒಂದು ಪಾತ್ರೆ ಪಲ್ಯ ಪೂರ್ತಿ ಚೆಲ್ಲಿದೆ.

ಮರಕ್ಕೆ ಅಂಟಿದ ಜಾಗದಲ್ಲಿ ಚಾಕು ಹಾಕಿ, ಕೆಳಗೆ ಇನ್ನೊಂದು ಕೈ ಹಿಡಿಯಿರಿ. ತೊಗಟೆ ಸುಲಿಯಬೇಡಿ. ಹಲ್ಲು ಮೇಲಾಗುವ ಹಾಗೆ ಚೀಲದಲ್ಲಿ ಇಡಿ, ಅಮುಕಿದರೆ ಆ ಜಾಗ ಕಂದಾಗುತ್ತದೆ. ಕೈಗೆ ಎಟುಕದ್ದನ್ನು ಹತ್ತಿ ಕೀಳುವ ಸಾಹಸ ಬೇಡ. ನನ್ನ ಮೊದಲ ಬಿಳಿ ಗಡ್ಡವನ್ನು ನಾನು ಮುಟ್ಟಲೇ ಇಲ್ಲ, ಸುಮ್ನೆ ಕಾಫಿ ಕುಡಿದು ಬಂದೆ.

ಹಂತ 7: ತೊಳೆಯುವುದು, ಹಿಂಡುವುದು

ಹೆರಿಸಿಯಂ ಸ್ಪಂಜಿನ ಹಾಗೆ. ಮಳೆ ಬಂದ ದಿನ ತಂದದ್ದು ನೀರು ಕುಡಿದು ಭಾರವಾಗಿರುತ್ತದೆ. ಹಲ್ಲಿನ ನಡುವೆ ಸಣ್ಣ ಹುಳು, ಎಲೆ ಚೂರು, ತೊಗಟೆ ಪುಡಿ ಸಿಕ್ಕಿರುತ್ತವೆ. ಕಾಗದದ ಮೇಲೆ ಇಟ್ಟು ಮೆಲ್ಲಗೆ ತಟ್ಟಿ. ಆಮೇಲೆ ಉಂಡೆಯನ್ನು ಕೈಯಿಂದ ಹರಿಯಿರಿ. ಒಳಗೆ ಬೆಳ್ಳಗೆ, ಗಟ್ಟಿಯಾಗಿ ಇರಬೇಕು. ಕೊಳೆ ಇದ್ದರೆ ನೀರಲ್ಲಿ ಒಮ್ಮೆ ಜಾಲಿಸಿ, ಎರಡು ಅಂಗೈ ನಡುವೆ ಇಟ್ಟು ಒತ್ತಿ ನೀರು ತೆಗೆಯಿರಿ. ತೆಂಗಿನ ತುರಿಯಿಂದ ಹಾಲು ಹಿಂಡಿದ ಹಾಗೆ ಅಲ್ಲ, ತುಂಡು ಒಡೆಯದ ಹಾಗೆ.

ತಕ್ಷಣ ಮಾಡದಿದ್ದರೆ ಕಾಗದದ ಚೀಲದಲ್ಲಿ ಫ್ರಿಜ್‌ಗೆ ಹಾಕಿ. ನಾಲ್ಕೈದು ದಿನ ತಡೆಯುತ್ತದೆ.

ಹಂತ 8: ಅಡುಗೆ

ಮೊದಲು ಒಂದೇ ತಪ್ಪನ್ನು ತಪ್ಪಿಸಿ: ಎಣ್ಣೆ ಕಾಯಿಸಿ ಹಸಿ ತುಂಡು ಹಾಕಬೇಡಿ. ಎಣ್ಣೆಯನ್ನೆಲ್ಲ ಕುಡಿದು ಕೂರುತ್ತದೆ. ದಪ್ಪ ತಳದ ಕಾವಲಿ ಇಡಿ, ಏನೂ ಹಾಕಬೇಡಿ. ಬೆರಳು ಗಾತ್ರಕ್ಕೆ ಹರಿದ ತುಂಡುಗಳನ್ನು ಒಂದೇ ಪದರವಾಗಿ ಹರಡಿ, ಮೇಲೆ ಒಂದು ಭಾರದ ಪಾತ್ರೆ ಇಟ್ಟು ಒತ್ತಿ. ನೀರು ಬಿಡುತ್ತದೆ, ಚುಂಯ್ ಅನ್ನುತ್ತದೆ, ಆ ನೀರು ಆರಬೇಕು. ಐದಾರು ನಿಮಿಷದಲ್ಲಿ ಸದ್ದು ಬದಲಾಗುತ್ತದೆ, ಅಂಚು ಕೆಂಪಗಾಗುತ್ತದೆ. ಆಗ ತುಪ್ಪ, ಉಪ್ಪು, ಕುಟ್ಟಿದ ಕಾಳುಮೆಣಸು. ಮೊದಲ ಸಲ ಇಷ್ಟೇ ಸಾಕು, ಅದರ ರುಚಿ ಏನು ಅಂತ ಗೊತ್ತಾಗಲಿ.

ಏಡಿಯ ಹಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಸಸ್ಯಾಹಾರಿ, ನನಗೇನು ಗೊತ್ತು? ಕುಂದಾಪುರದ ಗೆಳೆಯನೊಬ್ಬನಿಗೆ ಕೊಟ್ಟೆ. ಎರಡು ತುಂಡು ತಿಂದು, "ಮಾರಾಯ, ಇದಕ್ಕೆ ಘೀ ರೋಸ್ಟ್ ಮಸಾಲೆ ಹಾಕದಿದ್ದರೆ ಪಾಪ ಬರುತ್ತೆ" ಅಂದ. ಆಮೇಲೆ ಅವನೇ ಮಾಡಿದ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ನಾಲ್ಕು ಮೆಂತ್ಯೆ ಕಾಳು, ಬೆಳ್ಳುಳ್ಳಿ, ಹುಣಸೆಹಣ್ಣು ನುಣ್ಣಗೆ ರುಬ್ಬಿ, ಧಾರಾಳ ತುಪ್ಪದಲ್ಲಿ ತುಪ್ಪ ಬಿಡುವವರೆಗೆ ಬಾಡಿಸಿ, ಚೂರು ಬೆಲ್ಲ. ನೀರು ಆರಿಸಿ ಕೆಂಪಗೆ ಮಾಡಿದ ತುಂಡುಗಳನ್ನು ಕೊನೆಗೆ ಹಾಕಿ, ಮಸಾಲೆ ಹತ್ತಿದ ತಕ್ಷಣ ಇಳಿಸಬೇಕು. ನೀರು ದೋಸೆ ಜೊತೆ ತಿಂದೆವು. ಸಾಂಬಾರಿಗೆ ಹಾಕಿದ್ದೂ ಇದೆ, ಆದರೆ ಬೇಳೆ ನಡುವೆ ಇದರ ಸಿಹಿ ಕಳೆದುಹೋಗುತ್ತದೆ.

ಮೊದಲ ಸಲ ಸ್ವಲ್ಪವೇ ತಿನ್ನಿ. ಅಪರೂಪಕ್ಕೆ ಕೆಲವರಿಗೆ ಅಲರ್ಜಿ ಆಗುತ್ತದೆ. ಹಸಿಯಾಗಿ ತಿನ್ನಬೇಡಿ. ಜಾಸ್ತಿ ಸಿಕ್ಕರೆ ನೀರು ಆರಿಸಿ ಹುರಿದು ಆಮೇಲೆ ಫ್ರೀಜರ್‌ಗೆ ಹಾಕಿ. ಹಸಿದನ್ನೇ ಹಾಕಿದರೆ ಕರಗಿದಾಗ ಮುದ್ದೆಯಾಗುತ್ತದೆ.

ನೆನಪಿನ ಶಕ್ತಿ, ಮಾತ್ರೆ, ಪುಡಿ

ಇದನ್ನು ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದಂತೆ, ಹೌದಾ? ಯಾರಿಗೆ ಇದನ್ನು ತೋರಿಸಿದರೂ ಬರುವ ಪ್ರಶ್ನೆ ಇದು. ಪೂರ್ತಿ ಗಾಳಿ ಮಾತೇನಲ್ಲ. ಜಪಾನಿನ ಕವಾಗಿಶಿ ಮತ್ತು ಜೊತೆಗಾರರು 1991ರಲ್ಲಿ ಈ ಅಣಬೆಯಿಂದ ಹೆರಿಸಿನೋನ್ ಎಂಬ ವಸ್ತುಗಳನ್ನು ಬೇರ್ಪಡಿಸಿದರು. ಪ್ರಯೋಗಾಲಯದಲ್ಲಿ ಅವು ನರಕೋಶಗಳ ಬೆಳವಣಿಗೆಗೆ ಬೇಕಾದ ಒಂದು ಪ್ರೋಟೀನ್ ಉತ್ಪತ್ತಿಯನ್ನು ಹೆಚ್ಚಿಸಿದವು. 2009ರಲ್ಲಿ ಜಪಾನಿನಲ್ಲೇ, ಅಲ್ಪ ಮರೆವಿದ್ದ 50ರಿಂದ 80 ವರ್ಷದವರಿಗೆ 16 ವಾರ ದಿನಕ್ಕೆ 3 ಗ್ರಾಂ ಪುಡಿ ಕೊಟ್ಟು ನೋಡಿದರು. ಮರೆವು ಅಳೆಯುವ ಪರೀಕ್ಷೆಯಲ್ಲಿ ತೆಗೆದುಕೊಂಡವರ ಅಂಕ ಸುಧಾರಿಸಿತು, ನಿಲ್ಲಿಸಿ ನಾಲ್ಕು ವಾರಕ್ಕೆ ಮತ್ತೆ ಇಳಿಯಿತು. ಆದರೆ ಅದರಲ್ಲಿದ್ದದ್ದು ಸುಮಾರು 30 ಜನ. ಅಷ್ಟು ಸಣ್ಣ ಪ್ರಯೋಗ ನೋಡಿ ಅಪ್ಪನಿಗೆ ಮಾತ್ರೆ ಡಬ್ಬಿ ಕಳಿಸಬೇಡಿ, ಡಾಕ್ಟರನ್ನು ಕೇಳಿ. ಕೊಳ್ಳಲೇಬೇಕೆಂದರೆ ಲೇಬಲ್ ಓದಿ: ಅಣಬೆಯಿಂದಲೇ ಮಾಡಿದ್ದಾ, ಧಾನ್ಯದ ಮೇಲೆ ಬೆಳೆಸಿದ ಬೇರಿನಂಥ ಎಳೆಗಳನ್ನು ಧಾನ್ಯದ ಸಮೇತ ಪುಡಿ ಮಾಡಿದ್ದಾ? ಎರಡನೆಯದರಲ್ಲಿ ನೀವು ಹಣ ಕೊಡುವುದು ಒಂದಷ್ಟು ಹಿಟ್ಟಿಗೂ ಸೇರಿಸಿ.

ಕಾಡು ಹತ್ತಿರ ಇಲ್ಲದವರಿಗೆ

ಬೆಳೆಸಬಹುದು. ಗಟ್ಟಿ ಮರದ ಹೊಟ್ಟು, ಗೋಧಿ ಬೂಸಾ ತುಂಬಿ, ಹಬೆಯಲ್ಲಿ ಶುದ್ಧ ಮಾಡಿ, ಬೀಜ ಹಾಕಿದ ಬ್ಯಾಗ್‌ಗಳು ಭಾರತದಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಬ್ಯಾಗ್‌ಗೆ ಒಂದು ಇಂಚಿನ ಸೀಳು ಒಂದೋ ಎರಡೋ ಸಾಕು, ಜಾಸ್ತಿ ಕೊಯ್ದರೆ ಸಣ್ಣ ಸಣ್ಣ ಉಂಡೆಗಳಾಗುತ್ತವೆ. ಇದಕ್ಕೆ ತಂಪು ಬೇಕು, 18ರಿಂದ 24 ಡಿಗ್ರಿ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ಹಿಡಿಯಿರಿ. ದಿನಕ್ಕೆ ಮೂರ್ನಾಲ್ಕು ಸಲ ಸುತ್ತಲಿನ ಗಾಳಿಗೆ ನೀರು ಸಿಂಪಡಿಸಿ, ಅಣಬೆಯ ಮೇಲೇ ಸುರಿಯಬೇಡಿ. ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಗಾಳಿ ಸಾಲದೆ ಹಲ್ಲು ಬಿಡದೆ ಹವಳದ ಹಾಗೆ ಕವಲೊಡೆಯುತ್ತದೆ. ಆಗ ಜಾತಿ ಬದಲಾಯ್ತು ಅಂದುಕೊಳ್ಳಬೇಡಿ, ಕಿಟಕಿ ತೆಗೆಯಿರಿ.

ಕೊನೆಯ ಹಂತ: ಬರೆದಿಡಿ

ಒಂದು ಸಲ ಬಂದ ಮರದಲ್ಲಿ ಮತ್ತೆ ಬರುತ್ತದೆ, ಎಷ್ಟೋ ಸಲ ಅದೇ ತೂತಿನಲ್ಲಿ. ಫೋನಿನ ಮ್ಯಾಪ್‌ನಲ್ಲಿ ಗುರುತು ಹಾಕಿ, ಜೊತೆಗೆ ದಿನಾಂಕ, ಮರದ ಹೆಸರು, ಎಷ್ಟು ಎತ್ತರ, ಯಾವ ಬಣ್ಣ ಅಂತ ಬರೆಯಿರಿ. ಸಿಗದ ದಿನವನ್ನೂ ಬರೆಯಿರಿ. ನನ್ನ ಆ ಬೀಚ್ ಮರದ ಪಟ್ಟಿ ಹೀಗಿದೆ: 2021 ಅಕ್ಟೋಬರ್ 9, ಎತ್ತರದಲ್ಲಿ, ಬಿಳಿ. 2022 ಅಕ್ಟೋಬರ್ 16, ಹಳದಿ, ತಡವಾಯ್ತು. 2023, ಇಲ್ಲ. 2024 ಅಕ್ಟೋಬರ್ 5, ಕೈಗೆ ಎಟುಕುವಲ್ಲಿ, 600 ಗ್ರಾಂ.